ಮೊಣಕಾಲು ನೆಲಕ್ಕೆ ತಾಗಿದ ಮಾತ್ರಕ್ಕೆ ಸವಾರನಲ್ಲ

ಭಾನುವಾರ ಬೆಳಿಗ್ಗೆ ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದ ಹೋಟೆಲುಗಳ ಮುಂದೆ ಸಾಲಾಗಿ ನಿಂತ ಬೈಕುಗಳ ಹತ್ತಿರ ಹೋದರೆ ಒಂದು ವಿಚಿತ್ರ ತಪಾಸಣೆ ಕಣ್ಣಿಗೆ ಬೀಳುತ್ತದೆ. ನೀರುದೋಸೆ ಬರುವ ತನಕ ಹುಡುಗರು ಒಬ್ಬರ ಗಾಡಿಯ ಹಿಂದೆ ಇನ್ನೊಬ್ಬರು ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಟೈರಿನ ಅಂಚು ನೋಡುತ್ತಿರುತ್ತಾರೆ. ಟೈರಿನ ನಡುಭಾಗ ಸವೆದು, ಎರಡೂ ಬದಿಗೆ ಬೆರಳಗಲದಷ್ಟು ರಬ್ಬರು ಅಂಗಡಿಯಿಂದ ತಂದಂತೆಯೇ ಉಳಿದಿದ್ದರೆ ಅದಕ್ಕೆ ‘ಚಿಕನ್ ಸ್ಟ್ರಿಪ್ಸ್’ ಎಂದು ಹೆಸರು. ಅಂದರೆ ಗಾಡಿಯ ಮಾಲೀಕ ಪುಕ್ಕಲ, ತಿರುವಿನಲ್ಲಿ ಗಾಡಿ ಮಲಗಿಸಲು ಧೈರ್ಯವಿಲ್ಲದವನು. ಅಂಚಿನವರೆಗೂ ಸವೆದಿದ್ದರೆ ಬೆನ್ನು ತಟ್ಟುತ್ತಾರೆ, ಟೈರಿನ ಫೋಟೋ ತೆಗೆಯುತ್ತಾರೆ, ಸಂಜೆಯೊಳಗೆ ಅದು ಇನ್‌ಸ್ಟಾಗ್ರಾಮಿನಲ್ಲಿರುತ್ತದೆ.

ಈ ತಪಾಸಣೆಯ ಹಿಂದೆ ಒಂದು ಇಡೀ ಶಾಸ್ತ್ರವಿದೆ. ತಿರುವು ಅಂದರೆ ಎದೆಗಾರಿಕೆಯ ಪರೀಕ್ಷೆ, ಗಾಡಿ ಹೆಚ್ಚು ಮಲಗಿಸಿದವನು ಹೆಚ್ಚಿನ ಸವಾರ ಎಂಬುದು ಅದರ ಮೊದಲ ಸೂತ್ರ. ಹೇರ್‌ಪಿನ್‌ಗಳ ಲೆಕ್ಕ ದೊಡ್ಡದಿದ್ದಷ್ಟೂ ರಸ್ತೆ ಒಳ್ಳೆಯದು ಎಂಬುದು ಎರಡನೆಯದು. ಹೀಗೆ ಕಿಲೋಮೀಟರು ಕೂಡಿಸುತ್ತ ಹೋದರೆ ವಿದ್ಯೆ ತಾನಾಗಿಯೇ ಕೈಗೆ ಹತ್ತುತ್ತದೆ ಎಂಬುದು ಮೂರನೆಯದು. ಬೈಕ್ ಗುಂಪುಗಳಲ್ಲಿ, ಷೋರೂಮಿನಲ್ಲಿ, ಯೂಟ್ಯೂಬಿನಲ್ಲಿ ಎಲ್ಲೆಲ್ಲೂ ನಡೆಯುತ್ತಿರುವುದು ಇದೇ ಪಾಠ. ಮೂರಕ್ಕೆ ಮೂರೂ ತಪ್ಪು ಎನ್ನುವುದು ನನ್ನ ತಕರಾರು.

ತಮಾಷೆಯೆಂದರೆ ಬೈಕ್ ಕಂಡರೆ ಉರಿದುಬೀಳುವ ಹಿರಿಯರ ನಂಬಿಕೆಯೂ ಇದೇ. ‘ನಿಧಾನಕ್ಕೆ ಹೋಗೋ ಮಾರಾಯ’ ಎಂದು ಬಾಗಿಲಲ್ಲಿ ನಿಂತು ಹೇಳುವ ಅಪ್ಪ ಕೂಡ ತಿರುವನ್ನು ಧೈರ್ಯದ ವಿಷಯ ಎಂದೇ ತಿಳಿದಿದ್ದಾನೆ. ಮಗನಿಗೆ ಆ ಧೈರ್ಯ ಇರಲಿ ಎನ್ನುವ ಬದಲು ಬೇಡ ಎನ್ನುತ್ತಾನೆ, ಅಷ್ಟೇ. ಅಪಘಾತವಾದ ಮರುದಿನ ಪತ್ರಿಕೆಯಲ್ಲಿ ‘ಅತಿವೇಗವೇ ಕಾರಣ’ ಎಂದು ಬರುತ್ತದೆ. ಎಷ್ಟು ವೇಗ, ಯಾವ ತಿರುವಿಗೆ ಅದು ಅತಿ, ಸವಾರ ಕೊನೆಯ ಎರಡು ಸೆಕೆಂಡಿನಲ್ಲಿ ಕೈಯಿಂದ ಏನು ಮಾಡಿದ ಎಂದು ಕೇಳುವವರಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಇಷ್ಟು ಸಾವಿನ ಮುಂದೆ ನಮ್ಮಲ್ಲಿರುವುದು ಎರಡೇ ಉಪದೇಶ: ‘ಮಲಗಿಸು’ ಮತ್ತು ‘ನಿಧಾನಕ್ಕೆ ಹೋಗು’.

ಈ ಎರಡನ್ನೂ ಒಟ್ಟಿಗೆ ಅಲ್ಲಗಳೆಯುವ ಅಧ್ಯಯನವೊಂದು ನಾಲ್ಕು ದಶಕಗಳಿಂದ ಕಣ್ಣೆದುರಿಗೇ ಇದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ಪರಿಶೀಲಿಸಿ, ಸಾವಿರಾರು ಪೊಲೀಸ್ ವರದಿಗಳನ್ನು ಜೊತೆಗಿಟ್ಟು ಓದಿ, 1981ರಲ್ಲಿ ವರದಿ ಕೊಟ್ಟರು. ಬೇರೆ ವಾಹನದ ಪಾತ್ರವಿಲ್ಲದೆ ಸವಾರ ಒಬ್ಬನೇ ಬಿದ್ದ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅವನದೇ ತಪ್ಪು. ಆ ತಪ್ಪಿನ ಸ್ವರೂಪ ನೋಡಿ: ಒಂದೋ ಬ್ರೇಕನ್ನು ಅತಿಯಾಗಿ ತುಳಿದು ಜಾರಿದ್ದು, ಇಲ್ಲವೇ ತಿರುವಿನಲ್ಲಿ ಹೊರಗೆ ಓಡಿದ್ದು. ಹೊರಗೆ ಓಡಿದ್ದಕ್ಕೆ ವರದಿ ಕೊಡುವ ಕಾರಣ ಎರಡು. ಒಂದು, ವೇಗ ಹೆಚ್ಚಾದದ್ದು. ಇನ್ನೊಂದು, ಗಾಡಿಯನ್ನು ತಿರುಗಿಸಬಹುದಾದಷ್ಟು ತಿರುಗಿಸದೇ ಹೋದದ್ದು. ಗಾಡಿ ಇನ್ನೂ ವಾಲಬಹುದಿತ್ತು, ಟೈರಿಗೆ ಹಿಡಿತ ಉಳಿದಿತ್ತು, ಆದರೆ ಸವಾರನ ಕೈ ಗಟ್ಟಿಯಾಗಿ ಕಲ್ಲಾಯಿತು. ಕೊನೆ ಗಳಿಗೆಯಲ್ಲಿ ಗಾಡಿಯನ್ನು ಪಕ್ಕಕ್ಕೆ ಹೊರಳಿಸುವ ವಿದ್ಯೆ ಅಪಘಾತಕ್ಕೀಡಾದ ಸವಾರರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ ಎಂದೂ ವರದಿ ಹೇಳುತ್ತದೆ. ಆ ಸವಾರರಲ್ಲಿ ಶೇ 92 ಮಂದಿ ತಾವಾಗಿಯೇ ಕಲಿತವರು, ಅಥವಾ ಮನೆಯವರು, ಗೆಳೆಯರಿಂದ ಕಲಿತವರು.

ಹಳೆಯ ಕತೆ, ಅಮೆರಿಕದ ಕತೆ ಎನ್ನಬಹುದು. ಟೈರು ಸುಧಾರಿಸಿದೆ, ಬ್ರೇಕು ಸುಧಾರಿಸಿದೆ, ಒಪ್ಪೋಣ. ಮನುಷ್ಯನ ಕೈ, ಕಣ್ಣು, ಗಾಬರಿ ಸುಧಾರಿಸಿಲ್ಲ. ನಮ್ಮಲ್ಲಿ ಕಲಿಸುವವರು ಯಾರು? ಚಿಕ್ಕಪ್ಪ. ಶಾಲೆ ಮೈದಾನದಲ್ಲಿ ಕ್ಲಚ್ಚು, ಗೇರು ತೋರಿಸಿ, ಮೊದಲ ದಿನವೇ ಅವರು ಕೊಡುವ ಎಚ್ಚರಿಕೆ: ‘ಮುಂದಿನ ಬ್ರೇಕ್ ಮುಟ್ಬೇಡ, ಮಗುಚಿ ಬೀಳ್ತೀಯ.’ ಅಲ್ಲಿಂದ ಮುಂದೆ ಜೀವನಪೂರ್ತಿ ಬಲಗಾಲೇ ಬ್ರೇಕು. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ; ಹಿಂದಿನ ಚಕ್ರ ಹಗುರವಾಗಿ, ಸ್ವಲ್ಪ ಜೋರಾಗಿ ತುಳಿದರೂ ಕಟ್ಟಿಕೊಂಡು ಜಾರುತ್ತದೆ. ಒಣ ಟಾರಿನ ಮೇಲೆ ಎರಡೂ ಬ್ರೇಕನ್ನು ಹದವಾಗಿ ಹಿಡಿದರೆ 60 ಕಿ.ಮೀ. ವೇಗದ ಬೈಕು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಹಿಂದಿನದೊಂದನ್ನೇ ನಂಬಿದರೆ ಅದರ ಎರಡು ಪಟ್ಟು ಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ, ಒಳ್ಳೆಯದೇ. ಆದರೆ ಅದು ಚಕ್ರ ಕಟ್ಟಿಕೊಳ್ಳದಂತೆ ನೋಡುತ್ತದೆಯೇ ಹೊರತು ಮುಂದಿನ ಲಿವರನ್ನು ನಿಮ್ಮ ಪರವಾಗಿ ಹಿಡಿಯುವುದಿಲ್ಲ.

ಇನ್ನು ಹ್ಯಾಂಡಲ್ಲಿನ ವಿಷಯ. 50ರ ವೇಗದಲ್ಲಿ ಹೋಗುವಾಗ ಗಾಡಿ ಎಡಕ್ಕೆ ತಿರುಗಬೇಕಾದರೆ ಎಡ ಅಂಗೈಯಿಂದ ಹ್ಯಾಂಡಲ್ಲಿನ ಎಡತುದಿಯನ್ನು ಮುಂದಕ್ಕೆ ಒತ್ತಬೇಕು. ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಹೊರಳುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಮೇಲೆ ಎಡಕ್ಕೇ ತಿರುಗುತ್ತದೆ. ಕೇಳಿದರೆ ತಲೆಕೆಳಗಾದ ಮಾತಿನಂತೆ ಕಾಣುತ್ತದೆ. ಎರಡು ಚಕ್ರದ ಮೇಲೆ ಕೂತ ಪ್ರತಿಯೊಬ್ಬರೂ ಮಾಡುತ್ತಿರುವುದು ಇದನ್ನೇ, ಆದರೆ ಮಾಡುತ್ತಿದ್ದೇವೆಂದು ಗೊತ್ತಿರುವವರು ಕಡಿಮೆ. ವಿಮಾನ ಹಾರಿಸುವುದಕ್ಕೆ ಮುಂಚೆ ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್ ಕೂಡ ಇದನ್ನು ಗಮನಿಸಿದ್ದ: ಸೈಕಲ್ ಸವಾರರನ್ನು ‘ಎಡಕ್ಕೆ ಹೇಗೆ ತಿರುಗುತ್ತೀರಿ’ ಎಂದು ಕೇಳಿದರೆ ಒಬ್ಬರೂ ಮೊದಲ ಬಾರಿಗೆ ಸರಿಯಾಗಿ ಹೇಳುತ್ತಿರಲಿಲ್ಲವಂತೆ. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಸ್ಥಾಪಿಸಿದ ಕೀತ್ ಕೋಡ್ ಎಂಬಾತ ಇದನ್ನು ತೋರಿಸಲೆಂದೇ ಒಂದು ಬೈಕಿಗೆ ಎರಡನೆಯ ಹ್ಯಾಂಡಲ್ ಬೆಸೆದ. ಅದು ಚೌಕಟ್ಟಿಗೆ ಅಂಟಿದ್ದು, ಅಲ್ಲಾಡುವುದಿಲ್ಲ. ಆಕ್ಸಿಲರೇಟರ್ ಮಾತ್ರ ಅದರಲ್ಲೂ ಇದೆ. ಅದನ್ನು ಹಿಡಿದು, ಬರೀ ಮೈ ವಾಲಿಸಿ ಬೈಕು ತಿರುಗಿಸಿ ನೋಡಿ ಎಂದು ಸವಾಲು ಹಾಕಿದ. ಗಾಡಿ ಒಂದಿಷ್ಟು ಅತ್ತಿತ್ತ ಸರಿಯುತ್ತದೆ, ತಿರುವು ಮಾತ್ರ ಕೈಗೆ ಬರುವುದಿಲ್ಲ.

ಗೊತ್ತಿಲ್ಲದಿದ್ದರೂ ಮಾಡುತ್ತಿದ್ದೇವಲ್ಲ, ಮತ್ತೇನು ತೊಂದರೆ? ಗಾಬರಿಯಾದಾಗ ಗೊತ್ತಾಗುತ್ತದೆ ತೊಂದರೆ. ಎಡತಿರುವಿನಲ್ಲಿ ಗಾಡಿ ಹೊರಗೆ, ಅಂದರೆ ಎದುರಿನವರ ಪಥದ ಕಡೆಗೆ ಸರಿಯುತ್ತಿದೆ, ಎದುರಿಗೆ ಧರ್ಮಸ್ಥಳದ ಬಸ್ಸು ಬಂತು. ವಿದ್ಯೆ ಕಲಿಯದವನ ಬುದ್ಧಿ ‘ಎಡಕ್ಕೆ ತಿರುಗಿಸು’ ಎನ್ನುತ್ತದೆ, ಅವನು ಕಾರಿನ ಸ್ಟೀರಿಂಗ್ ತಿರುಗಿಸಿದ ಹಾಗೆ ಹ್ಯಾಂಡಲ್ಲನ್ನು ಎಡಕ್ಕೆ ಎಳೆಯುತ್ತಾನೆ. ಎಡಕ್ಕೆ ಎಳೆದರೆ ಗಾಡಿ ಎದ್ದು ನಿಂತು ಇನ್ನಷ್ಟು ಬಲಕ್ಕೆ, ಬಸ್ಸಿನ ಕಡೆಗೇ ಹೋಗುತ್ತದೆ. ಜೊತೆಗೆ ಹೆದರಿದ ಕಣ್ಣು ಬಸ್ಸಿನ ಮೇಲೇ ನೆಟ್ಟಿರುತ್ತದೆ. ಕಣ್ಣು ಹೋದ ಕಡೆ ಗಾಡಿಯೂ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಬೇಕಾದದ್ದು ಎಡ ಅಂಗೈಯ ಒಂದು ಒತ್ತು, ತಿರುವಿನಾಚೆ ನೋಡುವ ಕತ್ತು. ಇವೆರಡಕ್ಕೂ ಗುಂಡಿಗೆಯ ಗಾತ್ರಕ್ಕೂ ಏನು ಸಂಬಂಧ?

ಸರ್ಕಾರ ಇದನ್ನು ಪರೀಕ್ಷಿಸುತ್ತದೆಯೇ? ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿದರೆ ಲೈಸೆನ್ಸು. ಎಂಟು ಹಾಕುವುದು ನಡಿಗೆಯ ವೇಗದ ಕಸರತ್ತು. ಆ ವೇಗದಲ್ಲಿ ಹ್ಯಾಂಡಲ್ ತಿರುಗಿಸಿದ ಕಡೆಗೇ ಗಾಡಿ ಹೋಗುತ್ತದೆ. ವೇಗ ಏರಿದ ಮೇಲೆ ನಡೆಯುವ ಕತೆಯೇ ಬೇರೆ, ಅದರ ಬಗ್ಗೆ ಲೈಸೆನ್ಸಿನಲ್ಲಿ ಒಂದಕ್ಷರವೂ ಇಲ್ಲ.

ಹಾಗಾದರೆ ಮಲಗಿಸುವುದರ ಲೆಕ್ಕ ಏನು? ಹೈಸ್ಕೂಲು ಭೌತಶಾಸ್ತ್ರ ಸಾಕು. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗಲು ಗಾಡಿ ಸುಮಾರು 21 ಡಿಗ್ರಿ ವಾಲಬೇಕು. 70ಕ್ಕೆ ಹೋದರೆ 38 ಡಿಗ್ರಿಯ ಹತ್ತಿರ. ವೇಗ ಏರಿದ್ದು ಶೇ 40, ಟೈರು ನೆಲ ಕಚ್ಚಿ ಹಿಡಿಯಬೇಕಾದ ಬಲ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು. ಈ ಲೆಕ್ಕದಲ್ಲಿ ಗಾಡಿಯ ತೂಕ ಬರುವುದೇ ಇಲ್ಲ; ಸ್ಪ್ಲೆಂಡರಿಗೂ ಎರಡು ಲಕ್ಷದ ಡ್ಯೂಕಿಗೂ ಬೇಕಾದ ವಾಲು ಹೆಚ್ಚುಕಡಿಮೆ ಒಂದೇ. ಇನ್ನೂ ಒಂದು ಮಾತು, ಅಗಲ ಟೈರು ಹಾಕಿಸಿಕೊಂಡು ಮೆರೆಯುವವರಿಗೆ: ಟೈರು ಅಗಲವಾದಷ್ಟೂ ಅದೇ ತಿರುವಿಗೆ, ಅದೇ ವೇಗಕ್ಕೆ ಗಾಡಿ ಸ್ವಲ್ಪ ಹೆಚ್ಚೇ ವಾಲಬೇಕಾಗುತ್ತದೆ. ಅಂದರೆ ವಾಲು ಎಂಬುದು ತಿರುವು ಕೇಳುವ ಬೆಲೆ. ಒಂದೇ ತಿರುವನ್ನು ಒಂದೇ ವೇಗದಲ್ಲಿ ದಾಟಿದ ಇಬ್ಬರಲ್ಲಿ ಕಡಿಮೆ ಬೆಲೆ ತೆತ್ತವನು ಜಾಣ. ಚೆನ್ನಾಗಿ ಕಲಿತವನು ಅದೇ ತಿರುವಿನಲ್ಲಿ ಇನ್ನೂ ಅಗಲವಾದ ಹಾದಿ ಹುಡುಕಿಕೊಂಡು ಕಡಿಮೆ ವಾಲಿನಲ್ಲಿ ದಾಟುತ್ತಾನೆ. ಅವನ ಟೈರಿನ ಅಂಚು ಹೊಸದಾಗಿಯೇ ಉಳಿದಿರುತ್ತದೆ. ಕೊಟ್ಟಿಗೆಹಾರದ ತಪಾಸಕರು ನಗುವುದು ಅವನನ್ನು ನೋಡಿ!

ಮೊಣಕಾಲು ಊರುವುದನ್ನೂ ಹೇಳಿಬಿಡುತ್ತೇನೆ. 1978ರಿಂದ ಸತತ ಮೂರು ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಆದ ಕೆನ್ನಿ ರಾಬರ್ಟ್ಸ್ ಅದನ್ನು ಜನಪ್ರಿಯಗೊಳಿಸಿದ. ಮೈಯನ್ನು ತಿರುವಿನ ಒಳಗಡೆಗೆ ಇಳಿಸಿದರೆ ಅದೇ ವೇಗಕ್ಕೆ ಗಾಡಿ ಕಡಿಮೆ ವಾಲಿದರೆ ಸಾಕು, ನೆಲಕ್ಕೆ ತಾಗಿದ ಮೊಣಕಾಲು ಎಷ್ಟು ವಾಲಿದ್ದೇನೆ ಎಂದು ತಿಳಿಸುವ ಅಳತೆಗೋಲು. ಅದೆಲ್ಲ ಒಂದೇ ದಿಕ್ಕಿಗೆ ಓಡುವ, ಗುಡಿಸಿ ಇಟ್ಟ, ಬಿದ್ದರೆ ಜಾರಲು ಜಾಗವಿರುವ ಟ್ರ್ಯಾಕಿನಲ್ಲಿ. ಅಡಿಕೆ ಚೀಲ ಹೇರಿದ ಟಿವಿಎಸ್ ಎಕ್ಸೆಲ್ ಎದುರಿಗೆ ಬರುವ ರಸ್ತೆಯಲ್ಲಿ ಮೊಣಕಾಲು ಯಾವುದನ್ನು ಅಳೆಯುತ್ತದೆ? ಬಲತಿರುವಿನಲ್ಲಿ ನಡುಗೆರೆಗೆ ಅಂಟಿಕೊಂಡು ಮಲಗಿಸಿದವನ ಚಕ್ರ ತನ್ನ ಪಥದಲ್ಲೇ ಇರುತ್ತದೆ, ತಲೆ ಮತ್ತು ಭುಜ ಎದುರಿನವರ ಪಥದೊಳಗೆ ಚಾಚಿರುತ್ತದೆ. ವಿಡಿಯೊದಲ್ಲಿ ಅದು ಕಾಣುವುದಿಲ್ಲ, ಏಕೆಂದರೆ ಕ್ಯಾಮೆರಾ ಇರುವುದೇ ಆ ತಲೆಯ ಮೇಲೆ.

ಈಗ ರಸ್ತೆಗೆ ಬರೋಣ.

ನಮ್ಮವರ ಪಟ್ಟಿ ಎಲ್ಲರಿಗೂ ಬಾಯಿಪಾಠ. ಆಗುಂಬೆಗೆ 14 ಹೇರ್‌ಪಿನ್, ಸತ್ಯಮಂಗಲದ ದಿಂಬಂಗೆ 27, ಊಟಿಯ ಕಲ್ಹಟ್ಟಿಗೆ 36, ತಮಿಳುನಾಡಿನ ಕೊಲ್ಲಿಮಲೈಗೆ 70. ಎಪ್ಪತ್ತು ದೊಡ್ಡದು, ಆದ್ದರಿಂದ ಕೊಲ್ಲಿಮಲೈ ಎಲ್ಲಕ್ಕಿಂತ ಒಳ್ಳೆಯ ರಸ್ತೆ. ಈ ಲೆಕ್ಕ ಹಾಕುವವರು ಹೇರ್‌ಪಿನ್ನಿನಲ್ಲಿ ನಡೆಯುವುದೇನು ಎಂದು ಯೋಚಿಸಿದ್ದಾರೆಯೇ? ವೇಗ ಇಳಿಸಿ, ಮೊದಲನೇ ಗೇರಿಗೆ ಬಂದು, ಕ್ಲಚ್ಚು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಸವರುತ್ತ, ಹದಿನೈದೋ ಇಪ್ಪತ್ತೋ ವೇಗದಲ್ಲಿ ಸುತ್ತಿ ಹೊರಬೀಳುವುದು. ಆರ್‌ಟಿಒ ಎಂಟಿನ ಅರ್ಧ ಅದು, ಇಳಿಜಾರಿನಲ್ಲಿ ಹಾಕಿದ್ದು. ಕಷ್ಟದ ವಿದ್ಯೆಯೇ, ಅಲ್ಲ ಎನ್ನುವುದಿಲ್ಲ. ಆದರೆ ಸವಾರರನ್ನು ಕೊಲ್ಲುವ ಮತ್ತು ಸವಾರರಿಗೆ ಸುಖ ಕೊಡುವ ತಿರುವುಗಳು, ಎರಡೂ ಹೇರ್‌ಪಿನ್ನಿಗಿಂತ ಬೇರೆ ಜಾತಿಯವು. ಎರಡನೇ ಮೂರನೇ ಗೇರಿನಲ್ಲಿ, 40ರಿಂದ 60ರ ವೇಗದಲ್ಲಿ, ಒಂದು ಮುಗಿಯುತ್ತಲೇ ಇನ್ನೊಂದು ಎದುರಾಗುವ ಉದ್ದನೆಯ ತಿರುವುಗಳಲ್ಲಿ ಕೈ ಪಳಗಬೇಕು. ಹೇರ್‌ಪಿನ್ ಎಣಿಸಿ ಅಂಥ ರಸ್ತೆ ಹುಡುಕಲಾಗದು.

ಪ್ರಸಿದ್ಧಿಯೂ ಒಂದು ದೋಷ. ಚಾರ್ಮಾಡಿಯಲ್ಲಿ ಭಾನುವಾರ ನಿಮ್ಮ ಮುಂದೆ ಕಾರಿನ ಸಾಲು, ತಿರುವಿನ ನಡುವಿನಲ್ಲೇ ಜಲಪಾತ ನೋಡಲು ನಿಂತ ಟೆಂಪೊ, ಜೋಳ ಮಾರುವವರು, ಕೋತಿಗಳಿಗೆ ಬಿಸ್ಕತ್ತು ಎಸೆಯುವವರು. ಕೆಂಪು ಬಸ್ಸು ಕಡಿದಾದ ತಿರುವು ಸುತ್ತುವಾಗ ಅದಕ್ಕೆ ರಸ್ತೆಯ ಪೂರ್ತಿ ಅಗಲ ಬೇಕು: ಮೂತಿ ಹೊರ ಅಂಚಿಗೆ, ಹಿಂದಿನ ಚಕ್ರ ಒಳಗಿನ ಚರಂಡಿಯ ಅಂಚಿಗೆ. ಒಳಗಡೆ ನುಗ್ಗಿದ ಬೈಕಿಗೆ ಅಲ್ಲಿ ಜಾಗವೇ ಇಲ್ಲ. ಘಾಟಿ ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ ಗೊತ್ತಿರುವವರನ್ನು ಹುಡುಕಿಕೊಂಡು ಹೋಗಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಮರದ ನೆರಳಿನಲ್ಲಿ ಟಾರಿನ ಮೇಲೆ ಕಟ್ಟಿದ ಪಾಚಿ ದಸರೆ ಕಳೆದರೂ ಹೋಗಿರುವುದಿಲ್ಲ. ಇಂಥ ಕಡೆ ಮನಸ್ಸು ಪೂರ್ತಿ ಪ್ರಾಣ ಉಳಿಸಿಕೊಳ್ಳುವುದರಲ್ಲಿ ಮುಳುಗಿರುತ್ತದೆ. ಕೈ ಏನು ಮಾಡುತ್ತಿದೆ, ಕಣ್ಣು ಎಲ್ಲಿದೆ ಎಂದು ಗಮನಿಸುವ ಪುರಸೊತ್ತು ಇರುವುದಿಲ್ಲ. ಹಾಗಾಗಿಯೇ ವರ್ಷಗಟ್ಟಲೆ ಘಾಟಿ ಇಳಿದವರು ಮೊದಲ ವರ್ಷದ ತಪ್ಪುಗಳನ್ನೇ ಮಾಡುತ್ತಿರುತ್ತಾರೆ, ಸ್ವಲ್ಪ ಹೆಚ್ಚು ವೇಗದಲ್ಲಿ.

ದೂರದ ಹುಚ್ಚಿನದೂ ಇದೇ ಕತೆ. 24 ಗಂಟೆಯಲ್ಲಿ 1,600 ಕಿ.ಮೀ. ಓಡಿಸಿ ಪ್ರಮಾಣಪತ್ರ ಪಡೆಯುವವರಿದ್ದಾರೆ. ಅವರ ಬೆನ್ನಿಗೂ ತಾಳ್ಮೆಗೂ ನನ್ನ ನಮಸ್ಕಾರ. ಆದರೆ ಚತುಷ್ಪಥದಲ್ಲಿ ತಿರುವು ಎಲ್ಲಿದೆ?

ನನ್ನನ್ನು ಕೇಳಿದರೆ ಒಳ್ಳೆಯ ರಸ್ತೆಗೆ ಲಕ್ಷಣ ಒಂದೇ: ತಿರುವಿನಾಚೆ ಏನಿದೆ ಎಂದು ತಿರುಗುವ ಮೊದಲೇ ಕಾಣಬೇಕು. ಉಳಿದದ್ದೆಲ್ಲ ಆಮೇಲೆ. ಅಂಥವು ಹೆಚ್ಚಾಗಿ ಸಿಗುವುದು ಬಯಲುಸೀಮೆಯಲ್ಲಿ, ಯಾರೂ ಫೋಟೋ ತೆಗೆಯದ ಕಡೆ. ಮಾಗಡಿಯಿಂದ ಹುಲಿಯೂರುದುರ್ಗದ ಕಡೆಗೆ, ಕೊರಟಗೆರೆ, ಮಧುಗಿರಿಯ ಬೆಟ್ಟಗಳ ಬುಡದಲ್ಲಿ, ಶ್ರವಣಬೆಳಗೊಳದ ಸುತ್ತಮುತ್ತ, ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ರಸ್ತೆಗಳು ಹೊಲಗಳ ನಡುವೆ ಹೊರಳುತ್ತ ಹೋಗುತ್ತವೆ; ಬೇಸಿಗೆಯಲ್ಲಿ ಬೆಳೆ ಇಲ್ಲದಾಗ ಮುಂದಿನ ಎರಡು ಮೂರು ತಿರುವುಗಳು ಒಟ್ಟಿಗೇ ಕಾಣುತ್ತವೆ. ಎದುರಿಗೆ ಟ್ರ್ಯಾಕ್ಟರ್ ಬರುತ್ತಿದ್ದರೆ ಅರ್ಧ ಕಿಲೋಮೀಟರ್ ಮುಂಚೆಯೇ ಗೊತ್ತಾಗುತ್ತದೆ. ಮಲೆನಾಡಿನವರಿಗೆ ಬಾಳೆಹೊನ್ನೂರು–ಕಳಸ, ಕೊಪ್ಪ–ಶೃಂಗೇರಿಯಂಥ ದಾರಿಗಳಿವೆ, ಕಾಫಿ ತೋಟದ ಬೇಲಿ ನೋಟವನ್ನು ಕಟ್ಟುತ್ತದೆಂಬ ಎಚ್ಚರಿಕೆಯ ಜೊತೆಗೆ. ಕಳಸದಿಂದ ಕುದುರೆಮುಖದ ಮೇಲೆ ಹಾದುಹೋಗುವ ರಸ್ತೆಯನ್ನು ಎಲ್ಲರೂ ಹೊಗಳುತ್ತಾರೆ. ಹುಲ್ಲುಗಾವಲಿನ ಆ ತಿರುವುಗಳು ಚಂದವೇ. ಆದರೆ ಅದು ರಾಷ್ಟ್ರೀಯ ಉದ್ಯಾನ, ಕಡವೆ ಕಾಟಿ ಅಡ್ಡ ಬರುವ ಜಾಗ, ಅಭ್ಯಾಸಕ್ಕಲ್ಲ. ಸುಮ್ಮನೆ ನೋಡುತ್ತ ಹೋಗಿ.

ನಕ್ಷೆಯಲ್ಲಿ ಹುಡುಕುವುದಾದರೆ ಹೆದ್ದಾರಿಯ ಪಕ್ಕದಲ್ಲಿ ಉಳಿದ ಹಳೆಯ ರಸ್ತೆ, ಹಳ್ಳದ ಗುಂಟ ಹೋಗುವ ರಸ್ತೆ, ಊರುಗಳು ದೂರ ದೂರವಿರುವ ರಸ್ತೆ ನೋಡಿ. ಉಪಗ್ರಹ ಚಿತ್ರದಲ್ಲಿ ರಸ್ತೆಯೇ ಕಾಣದಂತೆ ಹಸಿರು ಮುಚ್ಚಿದ್ದರೆ ಅಲ್ಲಿ ಕುರುಡು ತಿರುವು, ಒದ್ದೆ ಎಲೆ ಗ್ಯಾರಂಟಿ.

ಇನ್ನೊಂದು, ರಸ್ತೆ ಯಾಕೆ ತಿರುಗುತ್ತದೆ ಎಂದು ತಿಳಿದವನಿಗೆ ಅರ್ಧ ವಿದ್ಯೆ ಬಂದಂತೆ. ಗುಡ್ಡದ ಪಕ್ಕೆಯಲ್ಲಿ ಹೋಗುವ ರಸ್ತೆ ಗುಡ್ಡದ ಮಡಿಕೆಯೊಳಕ್ಕೆ ಹೋಗಿ, ಅದರ ಚಾಚಿದ ಮೂಗನ್ನು ಸುತ್ತಿ ಹೊರಬರುತ್ತದೆ. ಮಡಿಕೆಯಲ್ಲಿ ನೀರು ಇಳಿಯುವುದರಿಂದ ಅಲ್ಲೊಂದು ಮೋರಿ ಇರಲೇಬೇಕು: ರಸ್ತೆ ಕಿರಿದು, ಟಾರು ಒದ್ದೆ, ಆದರೆ ಎದುರು ಬದಿಯ ರಸ್ತೆ ಕಣಿವೆಯಾಚೆ ಚೆನ್ನಾಗಿ ಕಾಣುತ್ತದೆ. ಮೂಗಿನಲ್ಲಿ ಟಾರು ಒಣಗಿರುತ್ತದೆ, ಆದರೆ ಕಡಿದ ಬಂಡೆಯ ಮರೆಯಲ್ಲಿ ಏನಿದೆಯೋ ದೇವರಿಗೇ ಗೊತ್ತು. ಎರಡೂ ತಿರುವಿಗೆ ಒಂದೇ ಬಗೆಯಲ್ಲಿ ನುಗ್ಗುವವನು ಎರಡರಲ್ಲೊಂದರಲ್ಲಿ ಸಿಕ್ಕಿಬೀಳುತ್ತಾನೆ. ಬಯಲಿನಲ್ಲಾದರೆ ಗಾಡಿದಾರಿಯ ಮೇಲೆ ಟಾರು ಹಾಕಿದ ರಸ್ತೆಗಳು ಹೊಲದ ಬದುವಿನ ಪ್ರಕಾರ ಇದ್ದಕ್ಕಿದ್ದಂತೆ ಮೂಲೆಯಂತೆ ತಿರುಗುತ್ತವೆ. ಕೆರೆ ಏರಿ ಎಷ್ಟು ನೇರವೋ ಅದರ ಕೊನೆಯ ತಿರುವು ಅಷ್ಟೇ ಕೊಂಕು. ಇನ್ನು ಡಿಸೆಂಬರ್, ಜನವರಿಯಲ್ಲಿ ತುಮಕೂರು, ಮಂಡ್ಯ, ರಾಮನಗರದ ಕಡೆ ರಾಗಿ, ಹುರುಳಿಯ ಒಕ್ಕಣೆ ರಸ್ತೆಯ ಮೇಲೇ ನಡೆಯುತ್ತದೆ. ಹುರುಳಿ ಸೊಪ್ಪಿನ ಮೇಲೆ ವಾಲಿದ ಟೈರು ಒಂದು ಕ್ಷಣವೂ ನಿಲ್ಲುವುದಿಲ್ಲ. ರೈತನನ್ನು ಬೈದು ಫಲವಿಲ್ಲ. ಸರ್ಕಾರ ಎಲ್ಲ ಊರಿಗೂ ಕಣ ಕಟ್ಟಿಸಿಕೊಡುವ ತನಕ ವೇಗ ಇಳಿಸುವುದು ನಮ್ಮ ಕೆಲಸ.

ಇಂಥ ಒಂದು ಐದಾರು ಕಿಲೋಮೀಟರ್ ತುಂಡು ಆರಿಸಿಕೊಂಡು, ಬಿಸಿಲು ಬಂದು ಇಬ್ಬನಿ ಒಣಗಿದ ಮೇಲೆ, ಹೋಗಿ ಬಂದು ಮಾಡುವುದಕ್ಕಿಂತ ದೊಡ್ಡ ಪಾಠಶಾಲೆಯಿಲ್ಲ. ಹೋಗುವಾಗ ಎಡತಿರುವಾದದ್ದು ಬರುವಾಗ ಬಲತಿರುವು, ಒಂದಕ್ಕೆ ಎರಡು. ಮೊದಲ ಸಲ ಬ್ರೇಕನ್ನೇ ಮುಟ್ಟದೆ ಹೋಗಲು ನೋಡಿ. ಆಕ್ಸಿಲರೇಟರ್ ಮುಚ್ಚಿದರೆ ಸಾಕಾಗುವಷ್ಟೇ ವೇಗ. ಅದೇನು ಮಹಾ ಎನ್ನುವವರು ಮಾಡಿ ನೋಡಿದರೆ ತಿಳಿಯುತ್ತದೆ, ಪ್ರತಿ ತಿರುವಿಗೂ ತಾವು ಎಷ್ಟು ತಡವಾಗಿ ಎಚ್ಚರಗೊಳ್ಳುತ್ತಿದ್ದೇವೆ ಎಂದು. ಆಮೇಲೆ ಬ್ರೇಕು ಸೇರಿಸಿ: ಗಾಡಿ ನೆಟ್ಟಗಿರುವಾಗಲೇ ಹಿಡಿದು, ಗೇರು ಇಳಿಸಿ, ವಾಲುವ ಹೊತ್ತಿಗೆ ಸಡಿಲಿಸಿ, ವಾಲಿದ ಮೇಲೆ ಆಕ್ಸಿಲರೇಟರನ್ನು ಎಳೆಎಳೆಯಾಗಿ ತೆರೆಯುತ್ತ ಹೊರಬರುವುದು. ಎಲ್ಲಕ್ಕೂ ಮೊದಲು ಕಣ್ಣು. ಬ್ರಿಟನ್ನಿನ ಪೊಲೀಸ್ ಸವಾರರ ಕೈಪಿಡಿ ‘ಮೋಟರ್‌ಸೈಕಲ್ ರೋಡ್‌ಕ್ರಾಫ್ಟ್’ ಕಲಿಸುವ ಉಪಾಯ ಬಹಳ ಸರಳ: ರಸ್ತೆಯ ಎರಡೂ ಅಂಚು ದೂರದಲ್ಲಿ ಕೂಡಿದಂತೆ ಕಾಣುವ ಜಾಗವನ್ನು ನೋಡುತ್ತಿರಿ. ನೀವು ಹತ್ತಿರ ಹೋದಂತೆ ಅದು ನಿಮ್ಮಿಂದ ದೂರ ಓಡಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಅಲ್ಲೇ ನಿಂತು ನಿಮ್ಮನ್ನು ಕಾಯುತ್ತಿದ್ದರೆ ತಿರುವು ಇನ್ನೂ ಬಿಗಿಯಾಗುತ್ತಿದೆ, ವೇಗ ಇಳಿಸಿ. ಆ ಜಾಗದೊಳಗೆ ನಿಲ್ಲಿಸಲಾಗದ ವೇಗ ಅತಿವೇಗ, ಬೋರ್ಡಿನಲ್ಲಿ ಏನೇ ಬರೆದಿರಲಿ. 60ರಲ್ಲಿ ಹೋಗುವವನು ಅಪಾಯ ಕಂಡು ಬ್ರೇಕ್ ಹಿಡಿಯುವಷ್ಟರಲ್ಲೇ ಸುಮಾರು 17 ಮೀಟರ್ ಕಳೆದಿರುತ್ತದೆ. ಮೇಲೆ ಹೇಳಿದ 20 ಮೀಟರ್ ಅದರ ನಂತರದ್ದು.

ಒಮ್ಮೆ ಗಾಡಿ ಬದಿಗೆ ನಿಲ್ಲಿಸಿ ಅದೇ ತಿರುವಿನಲ್ಲಿ ನಡೆದು ನೋಡಿ. ಒಳ ಅಂಚಿನಲ್ಲಿ ಬಸ್ಸಿನ ಹಿಂಚಕ್ರ ಎಳೆದು ತಂದ ಜಲ್ಲಿ, ಮಣ್ಣು. ನಡುವೆ ಬಿಸಿಲಿಗೆ ಟಾರು ಉಕ್ಕಿ ಕನ್ನಡಿಯಂತೆ ಹೊಳೆಯುವ ತೇಪೆ. ತಿರುವಿನ ಹೊರಗೆ, ಮುಗಿಯುವ ಕಡೆ, ಹುಲ್ಲಿನಲ್ಲಿ ಕಿತ್ತಳೆ ಬಣ್ಣದ ಇಂಡಿಕೇಟರಿನ ಚೂರು, ಟಾರಿನ ಮೇಲೆ ಫುಟ್‌ರೆಸ್ಟು ಕೆರೆದ ಬಿಳಿ ಗೀರು. ಅವು ತಿರುವು ಶುರುವಾಗುವ ಕಡೆ ಇರುವುದು ಅಪರೂಪ. ಒಳಬರುವಾಗ ಮಾಡಿದ ತಪ್ಪಿಗೆ ಹೊರಹೋಗುವಾಗ ದಂಡ ತೆರಬೇಕಾಗುತ್ತದೆ. ಬೇಗ ಒಳಕ್ಕೆ ತಿರುಗಿದವನು ಕೊನೆಯಲ್ಲಿ ಹೊರಕ್ಕೆ ಎಸೆಯಲ್ಪಡುತ್ತಾನೆ. ಸ್ವಲ್ಪ ಕಾದು, ಆಚೆ ಕಂಡ ಮೇಲೆ ತಿರುಗಿದವನಿಗೆ ಕೊನೆಯಲ್ಲಿ ರಸ್ತೆ ಉಳಿದಿರುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳು ಗೊತ್ತು. ‘ಇದರಲ್ಲಿ ಮಜಾ ಎಲ್ಲಿದೆ?’ ಎಂಬುದು ಮೊದಲನೆಯದು. ಅಮೆರಿಕದ ನಿಕ್ ಇಯೆನಾಶ್ ಎಂಬ ಸವಾರ, ಲೇಖಕ, 1991ರಲ್ಲಿ ‘ದಿ ಪೇಸ್’ ಎಂಬ ಲೇಖನದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ನೇರ ರಸ್ತೆಯಲ್ಲಿ ವೇಗ ಬಿಟ್ಟುಕೊಡಿ, ತಿರುವಿನ ಸೊಗಸನ್ನು ಇಟ್ಟುಕೊಳ್ಳಿ, ಗುಂಪಿನಲ್ಲಿ ಒಬ್ಬರನ್ನೊಬ್ಬರು ಬೆನ್ನಟ್ಟಬೇಡಿ ಎನ್ನುವುದು ಅವನ ವಾದದ ತಿರುಳು. ನಮ್ಮಲ್ಲಿ ನಡೆಯುವುದು ಅದರ ಉಲ್ಟಾ: ನೇರ ರಸ್ತೆಯಲ್ಲಿ ಕಿತ್ತುಕೊಂಡು ಹೋಗುವುದು, ತಿರುವು ಬಂದ ಕೂಡಲೇ ಗಾಬರಿಯಲ್ಲಿ ಬ್ರೇಕು. ಅಲ್ಲಿ ಮಜಾ ಸಿಗುತ್ತಿರುವುದು ಸೈಲೆನ್ಸರಿಗೆ ಮಾತ್ರ. ಒಂದು ತಿರುವಿನಿಂದ ಇನ್ನೊಂದಕ್ಕೆ ಗಾಡಿ ಒಂದೇ ಉಸಿರಿನಲ್ಲಿ ಹೊರಳುವ ಸುಖ 45ರ ವೇಗದಲ್ಲೂ ಪೂರ್ತಿ ಸಿಗುತ್ತದೆ, 100 ಸಿಸಿ ಗಾಡಿಯಲ್ಲೂ.

ಎರಡನೆಯದು ಹೆಚ್ಚು ಗಂಭೀರ: ಎಲ್ಲೆ ಮುಟ್ಟದೆ ಎಲ್ಲೆ ಎಲ್ಲಿದೆಯೆಂದು ತಿಳಿಯುವುದು ಹೇಗೆ? ನಿಜ, ತಿಳಿಯುವುದಿಲ್ಲ. ಅದಕ್ಕೆ ಟ್ರ್ಯಾಕ್ ಇದೆ. ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ 1990ರಿಂದ 3.7 ಕಿ.ಮೀ. ಉದ್ದದ ಟ್ರ್ಯಾಕು, ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ, ಎರಡೂ ಬೆಂಗಳೂರಿನಿಂದ ಒಂದು ದಿನದ ಹಾದಿಯೊಳಗೇ ಇವೆ. ಕೀತ್ ಕೋಡ್ ಶಾಲೆಯ ತರಬೇತಿಯೂ ಇರುಂಗಾಟ್ಟುಕೋಟೈಯಲ್ಲಿ ನಡೆದಿದೆ. ದುಬಾರಿ ಎನ್ನುತ್ತಾರೆ. ಸೈಲೆನ್ಸರ್ ಬದಲಿಸಲು, ಅಗಲ ಟೈರು, ಹೆಚ್ಚುವರಿ ದೀಪ, ಕ್ರ್ಯಾಶ್ ಗಾರ್ಡ್ ಹಾಕಿಸಲು ಹೊರಡುವ ದುಡ್ಡು ಕಲಿಯುವ ಮಾತು ಬಂದಾಗ ಮಾತ್ರ ಕಿಸೆಯೊಳಗೇ ಸಿಕ್ಕಿಕೊಳ್ಳುವುದು ಹೇಗೋ ನನಗೆ ಅರ್ಥವಾಗಿಲ್ಲ.

ಮೂರನೆಯದು ಹಿರಿಯರದು: ಇಷ್ಟೆಲ್ಲ ತಲೆನೋವು ಯಾಕೆ, ನಿಧಾನವಾಗಿ ಹೋದರಾಯಿತಲ್ಲ? ನಿಧಾನವಾಗಿ ಹೋಗುವವನಿಗೂ ತಿರುವಿನಲ್ಲಿ ಜಲ್ಲಿ ಸಿಗುತ್ತದೆ, ನಾಯಿ ಅಡ್ಡ ಬರುತ್ತದೆ, ಓವರ್‌ಟೇಕ್ ಮಾಡುತ್ತ ಲಾರಿ ಅವನ ಪಥಕ್ಕೇ ಬರುತ್ತದೆ. ಆಗ ಅವನ ಕೈಗೆ ಗೊತ್ತಿರಬೇಕಾದದ್ದು ನಿಧಾನ ಎಂಬ ನೀತಿಯಲ್ಲ. ಮುಂದಿನ ಬ್ರೇಕು ಹಿಡಿಯುವ ಹದ ಅವನಿಗೂ ಬೇಕು, ಎಡ ಅಂಗೈಯ ಒತ್ತೂ ಬೇಕು.

ಆದ್ದರಿಂದ ಪ್ರತಿ ವಾರ ‘ರೈಡ್’ ಕರೆಯುವ ಬೈಕ್ ಗುಂಪುಗಳ ನಾಯಕರಿಗೆ ನೇರವಾಗಿಯೇ ಕೇಳುತ್ತೇನೆ. ಹೊಸ ಹುಡುಗರನ್ನು ಮೊದಲ ತಿಂಗಳೇ ಚಾರ್ಮಾಡಿಗೆ, ಕೊಲ್ಲಿಮಲೈಗೆ ಎಳೆದುಕೊಂಡು ಹೋಗುವುದನ್ನು ನಿಲ್ಲಿಸಿ. ಎಲ್ಲರಿಗಿಂತ ಕಡಿಮೆ ಅನುಭವವಿರುವವನನ್ನು ಸಾಲಿನ ಕೊನೆಗೆ ಬಿಟ್ಟು ಅವನು ಉಳಿದವರ ಹಿಂದೆ ಓಡಿ ಬರುವಂತೆ ಮಾಡಬೇಡಿ. ನಾಯಕನ ಬೆನ್ನಿಗೇ ಇರಿಸಿಕೊಂಡು ಅವನ ವೇಗಕ್ಕೆ ಗುಂಪು ಹೊಂದಿಕೊಳ್ಳಲಿ. ಒಂದು ಭಾನುವಾರ ಊರ ಹೊರಗಿನ ಖಾಲಿ ಮೈದಾನದಲ್ಲಿ ಮುಂದಿನ ಬ್ರೇಕು ಹಿಡಿಯುವುದನ್ನು, ಹ್ಯಾಂಡಲ್ ಒತ್ತುವುದನ್ನು ಕಲಿಸಿ, ಮುಂದಿನ ಭಾನುವಾರ ಆಚೆ ಬದಿ ಕಾಣುವ ಯಾವುದಾದರೂ ಸಾಧಾರಣ ರಸ್ತೆಗೆ ಕರೆದೊಯ್ಯಿರಿ. ತಿಂಡಿಗೆ ನಿಂತಾಗ ಟೈರಿನ ಅಂಚು ನೋಡುವ ಬದಲು ಗಾಳಿ ಎಷ್ಟಿದೆ ಎಂದು ನೋಡಿ.